ಎಡ ಚಕ್ರದ ವಿಭೂತಿ

2023ರ ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ, ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ, ನನ್ನ ದೊಡ್ಡಪ್ಪನ ಮಗ ರುದ್ರೇಶನ ಸ್ಪೋರ್ಟ್ಸ್ ಕಾರಿನ ಎಡ ಹಿಂಬದಿ ಟೈರು ಸುತ್ತಲೂ ಕೊರೆದುಹೋಗಿರುವುದು ಪತ್ತೆಯಾಯಿತು. ಆ ಟೈರು ಹಾಕಿಸಿ ಒಂದು ವಾರವೂ ಆಗಿರಲಿಲ್ಲ. ಪತ್ತೆ ಮಾಡಿದವರು ಅದೇ ಬೀದಿಯ ಅಂಜಿನಮ್ಮ. ಅವರಿಗೆ ಕಾರುಗಳ ಬಗ್ಗೆ ಏನೂ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇರಲಿಲ್ಲ.

ರುದ್ರೇಶನಿಗೆ ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ಮಿಲ್ಲಿದೆ. ಬೆಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟಿದ್ದ ಎರಡೇ ಸೀಟಿನ, ನೆಲಕ್ಕೆ ಅಂಟಿದಂತಿರುವ ಬೂದು ಬಣ್ಣದ ಕಾರನ್ನು ಆಸೆಪಟ್ಟು ತಂದಿದ್ದ. ಅವನಿಗಿದ್ದ ದೂರು ಒಂದೇ. "ಹಿಂದಿನಿಂದ ನೋಡು, ಮೈ ಐತೆ, ಕಾಲಿಲ್ಲ" ಎನ್ನುತ್ತಿದ್ದ. ಹಿಂದಿನ ಚಕ್ರಗಳು ಅಷ್ಟು ತೆಳ್ಳಗೆ ಕಾಣುತ್ತಿದ್ದವು. ಕೊನೆಗೆ ಅಗಲವಾದ ಅಲಾಯ್ ವೀಲು, ಅದಕ್ಕೆ ತಕ್ಕ ಟೈರು ತರಿಸಿ, ಚಳ್ಳಕೆರೆಯಲ್ಲೇ ಟೈರ್ ಅಂಗಡಿ ಇಟ್ಟಿರುವ ಸಲೀಂ ಭಾಯ್ ಹತ್ತಿರ ಹಾಕಿಸಿದ. ನಾನೂ ಜೊತೆಗಿದ್ದೆ.

ಸಲೀಂ ಭಾಯ್ ಜಾಕ್ ಇಳಿಸಿ, ಟೈರಿಗೂ ಮಡ್‌ಗಾರ್ಡಿನ ಅಂಚಿಗೂ ನಡುವೆ ಕಿರುಬೆರಳು ತೂರಿಸಿ ನೋಡಿದರು. ಬೆರಳು ಬಿಗಿಯಾಗಿ ಹೋಯಿತು.

"ಡಿಕ್ಕಿಯಲ್ಲಿ ಸಾಮಾನು ಏನಾದ್ರೂ ಹಾಕ್ತೀರಾ?" ಎಂದು ಕೇಳಿದರು.

"ಇದರಲ್ಲಿ ಎಂಥಾ ಸಾಮಾನು ಹಿಡಿಸ್ತೈತೆ ಸಲೀಂ ಭಾಯ್?"

"ಹಂಗಾದ್ರೆ ಪರವಾಗಿಲ್ಲ."

ಪಾವಗಡ ರಸ್ತೆಯಲ್ಲಿ ಓಡಿಸಿ ನೋಡಿದೆವು. ತಿರುವಿನಲ್ಲಿ ಕಾರು ಮೊದಲಿಗಿಂತ ಗಟ್ಟಿಯಾಗಿ ನೆಲ ಹಿಡಿಯುತ್ತಿತ್ತು. ಅದು ನಿಜ, ಆದ್ದರಿಂದ ಬರೆಯುತ್ತಿದ್ದೇನೆ.

ಶನಿವಾರ ಮೊಳಕಾಲ್ಮೂರಿಗೆ ಹೊರಟೆವು. ರುದ್ರೇಶನ ತಂಗಿ ವಾಣಿಯ ಮದುವೆಗೆ ಓಬಳೇಶ ನೇಯ್ದಿದ್ದ ರೇಷ್ಮೆ ಸೀರೆ ತರಬೇಕಿತ್ತು. ಓಬಳೇಶನದು ಎರಡು ತಲೆಮಾರಿನಿಂದ ನಮಗೆ ಪರಿಚಯದ ಮನೆ. ಅಂಜಿನಮ್ಮ ಅವನ ಹೆಂಡತಿ. ಅವರ ಮಗಳು ಲಕ್ಷ್ಮಿಗೆ ಅವತ್ತೇ ಮಧ್ಯಾಹ್ನ ಚಳ್ಳಕೆರೆಯ ಒಂದು ಶಾಲೆಯಲ್ಲಿ ಟೀಚರ್ ಕೆಲಸದ ಸಂದರ್ಶನವಿತ್ತು. "ಬರುವಾಗ ನನ್ನ ಕಾರಲ್ಲೇ ಕರ್ಕೊಂಡು ಬರ್ತೀನಿ" ಎಂದು ರುದ್ರೇಶ ಫೋನಿನಲ್ಲಿ ಮಾತು ಕೊಟ್ಟಿದ್ದ. ಸೀಟು ಎರಡೇ ಆದ್ದರಿಂದ ವಾಪಸು ನಾನು ಬಸ್ಸಿಗೆ ಬರುವುದೆಂದು ತೀರ್ಮಾನವಾಗಿತ್ತು.

ಹೊರಡುವ ಮೊದಲು ದೊಡ್ಡವ್ವ ಹೊಸ ಚಕ್ರಗಳಿಗೆ ಪೂಜೆ ಮಾಡಿದರು. ವಿಭೂತಿಯನ್ನು ನೀರಿನಲ್ಲಿ ಕಲಸಿ, ಎರಡೂ ಟೈರುಗಳ ಪಕ್ಕಕ್ಕೆ, ಸುತ್ತಲೂ ಅಲ್ಲಲ್ಲಿ ಮೂರು ಮೂರು ಗೆರೆ ದಪ್ಪವಾಗಿ ಎಳೆದರು.

"ಸಾಕು ಬಿಡವ್ವ, ಕಾರೇ ಕಾಣಲ್ಲ" ಎಂದ ರುದ್ರೇಶ.

"ಕಾರು ನಿಂದು, ವಿಭೂತಿ ನಂದು. ಸುಮ್ನಿರು" ಎಂದರು ದೊಡ್ಡವ್ವ.

ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಿ ಇಳಿಸಿದ ಮೇಲೆ ಮಿಲ್ಲಿನ ಆಳು ಹದಿನೈದು ಕಿಲೋದ ಎರಡು ಎಣ್ಣೆ ಡಬ್ಬ ತಂದು ಡಿಕ್ಕಿಯಲ್ಲಿಟ್ಟ. ಬಲಗಡೆ ಜಾಕು, ಪಾನಾಗಳ ಪೆಟ್ಟಿಗೆ ಇದ್ದುದರಿಂದ ಎರಡನ್ನೂ ಎಡಗಡೆಗೇ ಒತ್ತಿ ಇಟ್ಟ. ಚಳ್ಳಕೆರೆಯ ಮಿಲ್ಲಿನವರು ಯಾರ ಮನೆಗೂ ಬರಿಗೈಯಲ್ಲಿ ಹೋಗುವುದಿಲ್ಲ. ಎಣ್ಣೆ ಡಬ್ಬ ನಮ್ಮಲ್ಲಿ ಎಲೆಅಡಿಕೆಯ ಹಾಗೆ; ಅದನ್ನು ಭಾರವೆಂದು ಯಾರೂ ಎಣಿಸುವುದಿಲ್ಲ. ರುದ್ರೇಶನೂ ಎಣಿಸಲಿಲ್ಲ, ನಾನೂ ಎಣಿಸಲಿಲ್ಲ.

ತಳಕು ದಾಟಿದ ಮೇಲೆ ರಸ್ತೆ ತಗ್ಗಿದಲ್ಲೆಲ್ಲ ಹಿಂದಿನಿಂದ ಸರ್ರ್ ಎಂಬ ಸದ್ದು ಬರತೊಡಗಿತು.

"ಡಬ್ಬ ಜರುಗ್ತಾ ಐತೆ ಕಣಲೇ" ಎಂದ ರುದ್ರೇಶ. ನಾನೂ ಹೂಂ ಎಂದೆ. ಬಿ.ಜಿ. ಕೆರೆಯಲ್ಲಿ ಚಹಾ ಕುಡಿದು, ಡಬ್ಬಗಳ ನಡುವೆ ಒಂದು ಗೋಣಿಚೀಲ ತುರುಕಿದೆವು. ಸದ್ದು ಕಡಿಮೆಯಾದಂತೆ ಅನ್ನಿಸಿತು. ಮುಂದೆ ಹಂಪ್‌ಗಳಿದ್ದ ಕಾರಣ ಅವನು ನಿಧಾನವಾಗಿ ಓಡಿಸಿದ್ದನೆಂಬುದು ಆಗ ಹೊಳೆಯಲಿಲ್ಲ.

ಓಬಳೇಶನ ಮನೆ ಮುಂದೆ ಕಾರು ನಿಂತಾಗ ಬೀದಿಯ ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ಜನ ಬಂದು ಕಾರಿನ ಸುತ್ತ ಸೇರಿದರು. ರುದ್ರೇಶ ಹಿಂದಿನ ಚಕ್ರಗಳನ್ನೇ ತೋರಿಸುತ್ತಿದ್ದ. ಲಕ್ಷ್ಮಿ ಫೈಲು ಹಿಡಿದು ಸಿದ್ಧಳಾಗಿ ಬಾಗಿಲಿಗೆ ಬಂದಳು. ಅವಳ ಹಿಂದೆಯೇ ಬಂದ ಅಂಜಿನಮ್ಮ ಟೈರಿನ ಮೇಲಿನ ವಿಭೂತಿ ನೋಡಿ, ಒಳ್ಳೆಯ ಕೆಲಸಕ್ಕೆ ಹೊರಟ ಮಗಳ ಹಣೆಗೆ ಹಚ್ಚೋಣವೆಂದು ಬಗ್ಗಿ ಎಡ ಟೈರು ಸವರಿ, ತಕ್ಷಣ ಕೈ ಹಿಂದಕ್ಕೆ ತೆಗೆದರು.

"ಇದೇನು ರುದ್ರಣ್ಣ, ಕೆಂಡದಂಗೆ ಸುಡ್ತೈತೆ. ವಿಭೂತಿ ಅಂತ ಮುಟ್ಟಿದ್ರೆ ಬೆರಳೆಲ್ಲ ಕರ್ರಗಾತಲ್ಲ."

ಅವರ ಬೆರಳಿಗೆ ಅಂಟಿದ್ದು ರಬ್ಬರಿನ ಪುಡಿ. ನಾನು ಬಲ ಟೈರು ನೋಡಿದೆ. ದೊಡ್ಡವ್ವ ಎಳೆದ ಗೆರೆಗಳು ಹಾಗೇ ಇದ್ದವು. ಎಡ ಟೈರಿನಲ್ಲಿ ಪ್ರತಿಯೊಂದು ಗೆರೆಯೂ ಒಂದೇ ಜಾಗದಲ್ಲಿ, ಕತ್ತರಿಸಿದಂತೆ, ತುಂಡಾಗಿತ್ತು. ಅದರ ಮೇಲಿನ ಮಡ್‌ಗಾರ್ಡಿನ ಅಂಚು ಹೊಳೆಯುತ್ತಿತ್ತು. ಅಲ್ಲಿ ಉಗುರು ತೂರುವಷ್ಟೂ ಜಾಗವಿರಲಿಲ್ಲ.

ರುದ್ರೇಶ ಡಿಕ್ಕಿ ತೆಗೆದು ಡಬ್ಬಗಳನ್ನು ಇಳಿಸಿದ. ಕಾರಿನ ಬೆನ್ನು ಮೇಲೆದ್ದಿತು. ಈಗ ಅವನ ಕಿರುಬೆರಳು ಒಳಗೆ ಹೋಯಿತು.

"ಏಮೈಂದಿ?" ಎಂದು ಮಗ್ಗದಿಂದ ಎದ್ದು ಬಂದ ಓಬಳೇಶ ತೆಲುಗಿನಲ್ಲಿ ಕೇಳಿದ. ಏನಾಯಿತೆಂದು ಅಂಜಿನಮ್ಮ ಹೇಳಿದರು.

"ಏನಾಗಿಲ್ಲ" ಎಂದ ರುದ್ರೇಶ. "ಡಬ್ಬದ ಭಾರ, ಅದರ ಮೇಲೆ ಎಡಗಡೆ ಸೀಟಲ್ಲಿ ಇವನ ಭಾರ. ಈಗ ಎರಡೂ ಇಳೀತಲ್ಲ. ಲಕ್ಷ್ಮಿ ಇವನ ಅರ್ಧನೂ ಇಲ್ಲ. ನಿಧಾನಕ್ಕೆ ಹೋಗ್ತೀವಿ."

ಮಾತಿನಲ್ಲಿ ಲೆಕ್ಕ ಸರಿಯಿತ್ತು. ಬೀದಿಯವರೂ ತಲೆ ಆಡಿಸಿದರು. ಲಕ್ಷ್ಮಿ ಆಗಲೇ ಬಾಗಿಲಿನ ಹಿಡಿಗೆ ಕೈ ಹಾಕಿದ್ದಳು.

"ಒಂದು ನಿಮಿಷ ತಡಿ" ಎಂದು ಮೊಬೈಲಿನ ಬೆಳಕು ಬಿಟ್ಟೆ. ಕೊರೆದ ಜಾಗದ ಆಳದಲ್ಲಿ, ಕಪ್ಪು ರಬ್ಬರಿನ ನಡುವೆ, ಬಿಳಿ ಎಳೆಗಳು ಕಾಣುತ್ತಿದ್ದವು. ರುದ್ರೇಶನನ್ನು ಕರೆದು ತೋರಿಸಿದೆ. ಅವನ ಹೆಗಲ ಮೇಲಿಂದ ಓಬಳೇಶನೂ ಬಗ್ಗಿ ನೋಡಿದ.

"ನೂಲು ಕಾಣೋಕೆ ಹತ್ತಿದ ಮ್ಯಾಲೆ ಅದು ಹರಿಯೋ ಬಟ್ಟೆನೇ ರುದ್ರಣ್ಣ" ಎಂದ.

ಬೀದಿಯ ಜನ ರುದ್ರೇಶನ ಮುಖ ನೋಡುತ್ತಿದ್ದರು. ಅವನು ಲಕ್ಷ್ಮಿಯ ಕಡೆ ನೋಡಿದ, ಅವಳ ಕೈಯಲ್ಲಿದ್ದ ಫೈಲು ನೋಡಿದ. ಆಮೇಲೆ ಕಾರಿನ ಕೀಲಿ ತೆಗೆದು ಓಬಳೇಶನ ಅಂಗೈಯಲ್ಲಿಟ್ಟ.

"ಇದನ್ನ ಇಟ್ಕೋ. ನಾನೇ ಕೇಳಿದ್ರೂ ಕೊಡಬ್ಯಾಡ."

ಲಕ್ಷ್ಮಿ ಬಾಗಿಲಿನ ಹಿಡಿ ಬಿಟ್ಟಳು. "ಬಸ್ಸಲ್ಲೇ ಹೋಗ್ತೀನಿ ಬಿಡ್ರಣ್ಣ. ಇದರಾಗೆ ಹೋಗಿದ್ರೆ ಅಲ್ಲಿ ಕೆಲಸ ಕೊಡ್ತಿರಲಿಲ್ಲ, ಶಾಲೆಗೆ ಚಂದಾ ಕೇಳ್ತಿದ್ರು" ಎಂದಳು. ಮೊದಲು ನಕ್ಕವನು ರುದ್ರೇಶನೇ.

ರುದ್ರೇಶ ಕಾರಿನ ಹತ್ತಿರವೇ ಉಳಿದ; ಸೀರೆ ತೆಗೆದುಕೊಂಡು ನಾನು, ಲಕ್ಷ್ಮಿ ಬಸ್ಸು ಹತ್ತಿದೆವು. ಅವಳು ಹೊತ್ತಿಗೆ ಸರಿಯಾಗಿ ಶಾಲೆ ಸೇರಿದಳು. ನಾನು ಅಂಗಡಿಗೆ ಹೋಗಿ ವಿಷಯ ಹೇಳಿದಾಗ ಕಾರಿನ ಹಳೆಯ ಚಕ್ರಗಳನ್ನು ಸಲೀಂ ಭಾಯ್ ಗೂಡ್ಸ್ ಆಟೋದಲ್ಲಿ ಹಾಕಿಕೊಂಡರು. ನಾನೂ ಅವರೊಂದಿಗೆ ಮತ್ತೆ ಮೊಳಕಾಲ್ಮೂರಿಗೆ ಹೋದೆ. ಕೊರೆದ ಜಾಗವನ್ನು ಅವರು ಹೆಬ್ಬೆರಳಿನಿಂದ ಒತ್ತಿದರು. ಅದು ಒಳಗೆ ಕುಗ್ಗಿತು.

"ಇದರಲ್ಲೇ ವಾಪಸು ಹೊರಟಿದ್ರೆ ಬಿ.ಜಿ. ಕೆರೆ ದಾಟ್ತಿರಲಿಲ್ಲ" ಎಂದರು. ಹಳೆಯ ಚಕ್ರ ಎತ್ತಿ ಕೂರಿಸುತ್ತಾ, "ಸಾಮಾನು ಹಾಕಲ್ಲ ಅಂದಿದ್ರಲ್ಲ ಸಾಬ್?" ಎಂದು ಕೇಳಿದರು.

"ಎಣ್ಣೆ ಡಬ್ಬ ಸಾಮಾನಾ ಸಲೀಂ ಭಾಯ್?" ಎಂದ ರುದ್ರೇಶ.

ಸಲೀಂ ಭಾಯ್ ನಟ್ಟು ಬಿಗಿದರು.

ರುದ್ರೇಶ ಅಗಲ ಚಕ್ರದ ಆಸೆ ಬಿಡಲಿಲ್ಲ. ಇನ್ನೂ ಸ್ವಲ್ಪ ಒಳಗೆ ಕೂರುವ ವೀಲು ತರಿಸಿದ. ಮಡ್‌ಗಾರ್ಡಿನ ಅಂಚನ್ನು ಒಳಕ್ಕೆ ಮಡಿಸಿದರು. ಈ ಬಾರಿ ಸಲೀಂ ಭಾಯ್ ಮಿಲ್ಲಿನಿಂದಲೇ ಎರಡು ತುಂಬಿದ ಡಬ್ಬ ತರಿಸಿ ಡಿಕ್ಕಿಯಲ್ಲಿಟ್ಟು, ಎಡ ಸೀಟಿನಲ್ಲಿ ನನ್ನನ್ನು ಕೂರಿಸಿ, ಆಮೇಲೆ ಬೆರಳು ತೂರಿಸಿ ನೋಡಿದರು. ದೊಡ್ಡವ್ವ ಹೊಸದಾಗಿ ಗೆರೆ ಎಳೆದರು. ಪಾವಗಡ ರಸ್ತೆಗೆ ಹೋಗಿ ಬಂದ ಮೇಲೆ ಎರಡೂ ಕಡೆ ಗೆರೆಗಳು ಹಾಗೇ ಇದ್ದವು.

ಲಕ್ಷ್ಮಿ ಅದೇ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಾಳೆ. ಕಳೆದ ತಿಂಗಳು ಓಬಳೇಶ ಹೊಸ ಮಗ್ಗ ಹಾಕಿದಾಗ ರುದ್ರೇಶ ಅದೇ ಕಾರಿನಲ್ಲಿ ಮೊಳಕಾಲ್ಮೂರಿಗೆ ಹೋದ. ಎರಡು ಎಣ್ಣೆ ಡಬ್ಬಗಳನ್ನು ಕಂಡಕ್ಟರಿಗೆ ಹೇಳಿ ಬೆಳಗಿನ ಬಸ್ಸಿಗೆ ಹಾಕಿ ಕಳಿಸಿದ್ದ. ಅವು ಅವನಿಗಿಂತ ಮೊದಲು ತಲುಪಿದವು.