ಮೋಡ ಕವಿದರೆ ತವರಿಗೆ

ಇವತ್ತು ಬೆಳಗ್ಗೆ ಎದ್ದವನೇ ಫ್ಯಾನು ಆರಿಸಿದೆ. ಯಳಂದೂರಿನಲ್ಲಿ, ಅದೂ ಏಪ್ರಿಲ್ ತಿಂಗಳಲ್ಲಿ, ಫ್ಯಾನು ಆರಿಸುವುದೆಂದರೆ ಸಣ್ಣ ಸಂಗತಿಯೇ? ಶಿವರಾತ್ರಿ ಕಳೆದಂದಿನಿಂದ ಹಗಲೂ ರಾತ್ರಿ ನೆತ್ತಿಯ ಮೇಲೆ ಗೊಣಗುತ್ತ, ಬಿಸಿಗಾಳಿಯನ್ನೇ ಮಗುಚಿ ಮಗುಚಿ ಬಡಿಸುತ್ತಿದ್ದ ಆ ಯಂತ್ರ ನಿಂತದ್ದೇ ತಡ, ಬೀದಿಯ ಸದ್ದುಗಳೆಲ್ಲ ಒಂದೊಂದಾಗಿ ಒಳಗೆ ಬಂದವು: ಹಾಲಿನವನ ಸೈಕಲ್ ಗಂಟೆ, ಎದುರುಮನೆಯ ಪೊರಕೆಯ ಸದ್ದು, ಕಬ್ಬು ಹೇರಿಕೊಂಡು ಕುಂತೂರಿನ ಕಡೆಗೆ ಹೊರಟ ಟ್ರ್ಯಾಕ್ಟರಿನ ನರಳಾಟ. ಕಿಟಕಿ ತೆರೆದೆ. ಬೆಟ್ಟ ಇರಬೇಕಾದಲ್ಲಿ ಬೆಟ್ಟವಿರಲಿಲ್ಲ. ಬೂದುಬಣ್ಣದ ಮೋಡ ಬಿಳಿಗಿರಿಯನ್ನು ಪೂರ್ತಿ ನುಂಗಿ, ಮೆಲ್ಲಗೆ ಊರಿನ ಮೇಲೂ ಕವಿಯುತ್ತಿತ್ತು. ಗಾಳಿಯಲ್ಲಿ ಎಲ್ಲಿಯದೋ ನೆನೆದ ಮಣ್ಣಿನ ವಾಸನೆ. ಒಂದು ಗಳಿಗೆ ಮೈಯೆಲ್ಲ ಹಗುರಾಯಿತು. ಮರುಗಳಿಗೆಯೇ ಮನಸ್ಸು ಕುಸಿಯಿತು.

ಓದುವ ಸ್ನೇಹಿತರೇ, ಜಾತಿ ಮತಗಳ ಮಾತು ಹಾಗಿರಲಿ, ಬೇಸಗೆ ಬಂತೆಂದರೆ ನಮ್ಮ ಸೀಮೆಯ ಜನ ಎರಡೇ ಪಂಗಡ: ಬಿಸಿಲಿನವರು, ಮೋಡದವರು. ನಾನು ಹುಟ್ಟಾ ಮೋಡದವನು. ಉರಿಬಿಸಿಲಿನ ನಡುವೆ ಅಕಸ್ಮಾತ್ತಾಗಿ ಒದಗುವ ತಂಪು ದಿನ, ಕರೆಯದೆ ಬಂದ ಪ್ರಿಯ ನೆಂಟನಿದ್ದಂತೆ. ಅಂಥ ದಿನ ಬಿಸಿ ಮುದ್ದೆಯನ್ನು ಬೆವರು ಒರೆಸಿಕೊಳ್ಳದೆ ನುಂಗಬಹುದು. ಮಧ್ಯಾಹ್ನ ಬರಿಗಾಲಲ್ಲಿ ಅಂಗಳಕ್ಕಿಳಿಯಬಹುದು. ಜಗಳ ಆಡಬೇಕೆಂದಿದ್ದವರ ಜೊತೆ ಕಾಫಿ ಕುಡಿದು ಎದ್ದು ಬರಬಹುದು. ಬಿಸಿಲು ಮನುಷ್ಯನನ್ನು ಸಿಡುಕನನ್ನಾಗಿ ಮಾಡುತ್ತದೆ, ಮೋಡ ಸಜ್ಜನನನ್ನಾಗಿ ಮಾಡುತ್ತದೆ ಎಂಬುದು ನನ್ನ ಬಹುಕಾಲದ ಸಿದ್ಧಾಂತ.

ಈ ಸಿದ್ಧಾಂತಕ್ಕೆ ಕಸುಬಿನ ಬೆಂಬಲವೂ ಇತ್ತೆನ್ನಿ. ಈ ಊರಿನಲ್ಲಿ ನಾನು ಫೋಟೋ ಸ್ಟುಡಿಯೋ ಇಟ್ಟುಕೊಂಡು ಬದುಕಿದವನು. ಬಿಸಿಲಿನಲ್ಲಿ ನಿಂತವರ ಮುಖ ಹೇಗಿರುತ್ತದೆ ಎಂದು ನೀವು ಬಲ್ಲಿರಿ: ಕಣ್ಣು ಕಿರಿದು, ಹುಬ್ಬು ಗಂಟು, ಮೂಗಿನ ಕೆಳಗೆ ಮೀಸೆ ಬರೆದಂತೆ ಕಪ್ಪು ನೆರಳು. ಮೋಡದ ಬೆಳಕು ಹಾಗಲ್ಲ. ಅದು ಬಡವ ಬಲ್ಲಿದನೆನ್ನದೆ ಎಲ್ಲರ ಮುಖಕ್ಕೂ ಸಮನಾಗಿ ಹರಡಿ, ಸುಕ್ಕು ಕಲೆಗಳನ್ನೆಲ್ಲ ಮೃದುಮಾಡಿ, ಕಣ್ಣುಗಳನ್ನು ತಾನಾಗಿ ಅರಳಿಸುತ್ತದೆ. ಶಾಲೆಯ ಗ್ರೂಪ್ ಫೋಟೋ ಆಗಲಿ, ಹೆಣ್ಣು ತೋರಿಸುವುದಕ್ಕೆ ತೆಗೆಸುವ ಫೋಟೋ ಆಗಲಿ, ಮೋಡದ ದಿನ ಹೊರಗೆ ನಿಲ್ಲಿಸಿ ತೆಗೆದದ್ದೇ ತೆಗೆದದ್ದು. ಬೆಟ್ಟಕ್ಕೆ ಮೋಡ ಕಟ್ಟಿದ ದಿನ ಜನ ತಾವಾಗಿಯೇ ತಲೆ ಬಾಚಿಕೊಂಡು ನನ್ನ ಅಂಗಡಿಗೆ ಬರುವಷ್ಟರ ಮಟ್ಟಿಗೆ ಈ ಮಾತು ಊರಲ್ಲಿ ಹಬ್ಬಿತ್ತು.

ಇಂಥವನಿಗೆ ದೇವರು ಬಿಸಿಲಿನ ಪಂಗಡದವಳನ್ನೇ ಗಂಟುಹಾಕಿದ. ನನ್ನ ಹೆಂಡತಿ ಮಾದೇವಿ ಹನೂರಿನಾಚೆಯ ಅಜ್ಜೀಪುರದವಳು. ಬೇಯಿಸಿದ ಅರಿಸಿನವನ್ನು ಕಣದ ತುಂಬ ಹರಡಿ, ಬಿಸಿಲು ಬಿದ್ದಷ್ಟೂ ಹಿಗ್ಗುವ ಮನೆಯಲ್ಲಿ ಬೆಳೆದವಳು. ನಡುಮಧ್ಯಾಹ್ನ, ಕಾಗೆಯೂ ನೆರಳು ಹುಡುಕುವ ಹೊತ್ತಿನಲ್ಲಿ, ಈ ಮಹಾರಾಯಿತಿ ತಲೆಗೂದಲು ಹರವಿಕೊಂಡು ಹಿತ್ತಲ ಕಲ್ಲಿನ ಮೇಲೆ ಕೂತಿರುತ್ತಿದ್ದಳು. ನಾನು ಒಳಗಿನಿಂದ, "ಲೇ, ಸುಟ್ಟ ಬದನೆಕಾಯಿ ಆಗ್ತೀಯ, ಒಳಕ್ಕೆ ಬಾ" ಎಂದು ಕೂಗಿದರೆ, "ನೀವು ಒಳ್ಗೇ ಇದ್ದು ಅಣಬೆ ಆಗಿ. ನಂಗೆ ಬಿಸ್ಲು ಬಿದ್ರೇನೆ ಮೂಳೆ ಎಲ್ಲ ನಗೋದು" ಎನ್ನುತ್ತಿದ್ದಳು. ಮೋಡ ಕವಿದ ದಿನವಂತೂ ಮುಖ ದಪ್ಪಗೆ ಮಾಡಿಕೊಂಡು, "ಯಾರೋ ಸತ್ತೋದಂಗದೆ ಕಣ್ರೀ ಆಕಾಸ" ಎಂದು ಬಾಗಿಲು ಮುಚ್ಚಿಕೊಳ್ಳುವಳು. ಬಹಳ ವರ್ಷ ಇದು ನಮ್ಮ ಮನೆಯ ತಮಾಷೆಯಾಗಿತ್ತು.

ತಮಾಷೆ ನಿಂತದ್ದು ಅವಳಿಗೆ ಉಬ್ಬಸ ಹತ್ತಿದ ಮೇಲೆ. ಮಗಳನ್ನು ಕುಂತೂರಿಗೆ ಮದುವೆ ಮಾಡಿಕೊಟ್ಟ ಮಾರನೆಯ ವರ್ಷ ಅದು ಶುರುವಾಯಿತು. ಬಿಸಿಲು ಕಾಯುವಷ್ಟು ದಿನ ಬಿಂದಿಗೆ ಹೊತ್ತು ಓಡಾಡುವವಳು, ಬೆಟ್ಟದಿಂದ ಥಂಡಿಗಾಳಿ ಇಳಿದೊಡನೆ ಗೋಡೆಗೊರಗಿ ಕೂತು, ಎರಡು ಕೈಯನ್ನೂ ಮಂಡಿಯ ಮೇಲೂರಿ, ಒಂದೊಂದು ಉಸಿರನ್ನೂ ಬಾವಿಯಿಂದ ಸೇದಿದ ಹಾಗೆ ಸೇದುವಳು. ಇನ್‌ಹೇಲರ್ ಕೊಟ್ಟರು, ಮಾತ್ರೆ ಕೊಟ್ಟರು. ಕೊಳ್ಳೇಗಾಲದ ಡಾಕ್ಟರು, "ಇವರಿಗೆ ತೇವದ ಹವೆ ಆಗೋದಿಲ್ಲ, ಒಣಹವೆ ಇರೋ ಕಡೆ ಇದ್ದರೆ ಒಳ್ಳೇದು" ಎಂದರು. ಒಣಹವೆಗೆ ಎಲ್ಲಿಗೆ ಹೋಗುವುದು? ಅಜ್ಜೀಪುರವಿತ್ತಲ್ಲ, ಅಲ್ಲಿ ಅವಳ ತಮ್ಮನ ಮನೆಯಿತ್ತಲ್ಲ.

ಹೀಗೆ ನಮ್ಮಲ್ಲೊಂದು ವಿಚಿತ್ರ ಪದ್ಧತಿ ಹುಟ್ಟಿಕೊಂಡಿತು. ಬೇರೆ ಹೆಂಗಸರು ಗೌರಿಹಬ್ಬಕ್ಕೋ ಬಾಣಂತನಕ್ಕೋ ತವರಿಗೆ ಹೋದರೆ ಮಾದೇವಿ ಮೋಡಕ್ಕೆ ಹೋಗುತ್ತಿದ್ದಳು. ಬೆಳಗ್ಗೆ ಎದ್ದು ನಾನು ಬೆಟ್ಟ ನೋಡುವುದು. ಬೆಟ್ಟ ಮುಸುಕು ಹಾಕಿದ್ದರೆ ಅವಳನ್ನು ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋಗಿ ಹನೂರಿನ ದಾರಿಯ ಬಸ್ಸು ಹತ್ತಿಸುವುದು. ಬೆಟ್ಟ ಬಿಚ್ಚಿಕೊಂಡು ಬಿಸಿಲು ಕಾದರೆ, "ಬಾ" ಎಂದು ಫೋನು ಮಾಡುವುದು. ಪಕ್ಕದ ಮನೆಯ ಪುಟ್ಟತಾಯಮ್ಮನ ಬಾಯಿಗೆ ಬೀಗವೆಲ್ಲಿ? "ಏನ್ ಮಾದೇವಕ್ಕಾ, ನಿಮ್ ತಮ್ಮ ಬಿಸ್ಲ ಕಟ್ಟಾಕವ್ನಾ ಅಲ್ಲಿ? ನಮ್ಗೂ ಒಂಚೂರು ತಕಂಡ್ ಬಾ" ಎಂದು ರೇಗಿಸುವಳು. ಮಾದೇವಿ ನಗುವಳು, ನಕ್ಕರೆ ಕೆಮ್ಮು ಬರುತ್ತದೆಂದು ಅರ್ಧಕ್ಕೇ ನಿಲ್ಲಿಸುವಳು.

ನನ್ನ ಪಾಡನ್ನು ಯಾರಿಗೆ ಹೇಳಲಿ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಬೆಕ್ಕಿಗೂ ಚೆಲ್ಲಾಟ ಉಳಿಯಲಿಲ್ಲ. ಯಾವ ತಂಪು ದಿನಕ್ಕಾಗಿ ನಾನು ಯುಗಾದಿಯಿಂದ ಹಾತೊರೆಯುತ್ತಿದ್ದೆನೋ ಅದೇ ದಿನ ಮನೆ ಬರಿದಾಗುತ್ತಿತ್ತು. ಬಜ್ಜಿ ತಿನ್ನಬೇಕೆನಿಸುವ ಸಂಜೆ, ಬಜ್ಜಿ ಕರಿದುಕೊಡುವವಳು ಅಜ್ಜೀಪುರದಲ್ಲಿ. ಹಾಗೆಂದು ನಾನು ಮೋಡವನ್ನು ದ್ವೇಷಿಸಲು ಕಲಿತೆನೇ? ಅದೂ ಇಲ್ಲ. ಇಷ್ಟಾನಿಷ್ಟಗಳು ನಮ್ಮ ಮಾತು ಕೇಳುವಂತಿದ್ದರೆ ಲೋಕದಲ್ಲಿ ಅರ್ಧ ದುಃಖ ಇರುತ್ತಿರಲಿಲ್ಲ. ಬೆಟ್ಟ ಮುಸುಕಿದ್ದು ಕಂಡಾಗಲೆಲ್ಲ ಮೊದಲು ಮೈ ಹಿಗ್ಗುತ್ತಿತ್ತು, ಆಮೇಲೆ ಅವಳ ನೆನಪಾಗುತ್ತಿತ್ತು. ಆ ಮೊದಲನೆಯ ಗಳಿಗೆಗೆ ನಾಚಿಕೊಂಡು ನಾಚಿಕೊಂಡು ಸೋತಿದ್ದೇನೆ.

ಕಳೆದ ಬೇಸಗೆಯಲ್ಲೂ ಬೆಟ್ಟ ಮುಸುಕು ಹಾಕಿತು. ಅವಳು ಹೊರಟಳು. ಅವಳು ಅಜ್ಜೀಪುರ ಸೇರಿದ ಮಾರನೆಯ ದಿನವೇ ಇಲ್ಲಿಯ ಮೋಡ ಹೇಳದೆ ಕೇಳದೆ ಚದುರಿ, ನೆಲ ಸುಡುವಂಥ ಬಿಸಿಲು ಬಿತ್ತು. ಅಲ್ಲಿ ಆದದ್ದೇ ಬೇರೆ. ತಮಿಳುನಾಡಿನ ದಿಕ್ಕಿನಿಂದ ಮಾದಪ್ಪನ ಬೆಟ್ಟಗಳ ಮೇಲೆ ಹಾದು ಬಂದ ಮೋಡ ಅಜ್ಜೀಪುರದ ಮೇಲೆ ಮಕಾಡೆ ಮಲಗಿಬಿಟ್ಟಿತು. ನಾವು ಗಂಡಹೆಂಡಿರು ಅಷ್ಟು ವರ್ಷವೂ ಒಂದೇ ಬೆಟ್ಟ ನೋಡಿಕೊಂಡು ಬಂದವರು; ಮೋಡಕ್ಕೆ ಇನ್ನೊಂದು ದಾರಿಯೂ ಉಂಟೆಂದು ನಮಗೆ ಹೊಳೆದೇ ಇರಲಿಲ್ಲ. ಫೋನು ಮಾಡಿದಾಗ ಅವಳ ಮಾತಿಗಿಂತ ಉಸಿರೇ ಹೆಚ್ಚು ಕೇಳಿಸುತ್ತಿತ್ತು.

"ಅಲ್ಲಿ ಬಿಸ್ಲಾ?" ಎಂದಳು.

"ಹೂಂ ಕಣೆ, ಕೆಂಡದಂಥ ಬಿಸಿಲು" ಎಂದೆ.

"ನೋಡಿ ಮತ್ತೆ, ನಾನಿಲ್ದಿದ್ದಾಗ ಬತ್ತದೆ. ಓಗಿ, ಹಿತ್ತಲ್ ಕಲ್ ಮೇಲೆ ಕೂತ್ಕಳಿ. ನನ್ ಪಾಲ್ದೂ ನೀವೇ ಕಾಯ್ಸ್ಕಳಿ. ಬೆಳಿಗ್ಗೆ ಬಂದ್ಬುಡ್ತೀನಿ."

ಬೆಳಗ್ಗೆ ಫೋನು ಮಾಡಿದವನು ಅವಳ ತಮ್ಮ. "ಬಾವಾ, ಅಕ್ಕುಂಗೆ ದಮ್ಮು ಜೋರಾಗದೆ. ಕಾರ್ ಮಾಡ್ಕಂಡು ಕೊಳ್ಳೇಗಾಲಕ್ಕೆ ಕರ್ಕಂಡ್ ಬತ್ತಾ ಇವ್ನಿ, ನೀವು ಆಸ್ಪತ್ರೆ ತಾವ್ಕೆ ಬಂದ್ಬುಡಿ." ನಾನು ಆಸ್ಪತ್ರೆಯ ಮುಂದೆ ನಿಂತು ದಾರಿ ಕಾದೆ. ಬಿಸಿಲೆಂದರೆ ಅಂಥ ಬಿಸಿಲು; ಗೇಟಿನ ಕಬ್ಬಿಣ ಮುಟ್ಟಲಾಗುತ್ತಿರಲಿಲ್ಲ. ಜನವೆಲ್ಲ ಬೇವಿನ ಮರದ ನೆರಳಿಗೆ ಸರಿದಿದ್ದರು. ಅವಳನ್ನು ಕಾರಿನಿಂದ ಇಳಿಸಿದಾಗ ಆ ಬಿಸಿಲು ನೇರ ಅವಳ ಮುಖದ ಮೇಲೆ ಬಿತ್ತು. ಅವಳು ಕಣ್ಣು ಕಿರಿದು ಮಾಡಲಿಲ್ಲ. ಡಾಕ್ಟರು ನೋಡುವ ಮೊದಲೇ ನನಗೆ ಗೊತ್ತಾಗಿಹೋಯಿತು.

ತಿಥಿಗೆ ಒಂದು ಫೋಟೋ ಬೇಕಲ್ಲ, ಕಟ್ಟು ಹಾಕಿಸುವುದಕ್ಕೆ. ಮಗಳೂ ನಾನೂ ಇರುವುದನ್ನೆಲ್ಲ ಹರಡಿಕೊಂಡು ಕೂತೆವು. ಹುಡುಕುತ್ತ ಹುಡುಕುತ್ತ ಮಗಳು, "ಅಪ್ಪಾ, ಎಲ್ಲಾದ್ರಲ್ಲೂ ಅವ್ವ ಕಣ್ ಕಿರಿದ್ ಮಾಡ್ಕಂಡೇ ಅವ್ಳಲ್ಲಪ್ಪಾ" ಎಂದಳು. ನೋಡಿದರೆ ಹೌದು. ಹಿತ್ತಲಲ್ಲಿ, ಕಣದಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಎಲ್ಲ ಕಡೆಯೂ ಹುಬ್ಬು ಗಂಟಿಕ್ಕಿ, ಮೂಗಿನ ಕೆಳಗೆ ನೆರಳು ಹೊತ್ತು ನಿಂತಿದ್ದಾಳೆ. ಊರಿನವರ ಮುಖಕ್ಕೆಲ್ಲ ಒಳ್ಳೆಯ ಬೆಳಕು ಒದಗಿಸಿದ ನನ್ನ ಬಳಿ ಅವಳದೊಂದು ಒಳ್ಳೆಯ ಫೋಟೋ ಇರಲಿಲ್ಲ. ಎಲ್ಲಿಂದ ಬರಬೇಕು? ಒಳ್ಳೆಯ ಬೆಳಕಿನ ದಿನಗಳಲ್ಲಿ ಮೊದಮೊದಲು ಅವಳು ಬಾಗಿಲು ಹಾಕಿಕೊಂಡು ಒಳಗೇ ಇರುತ್ತಿದ್ದಳು, ಆಮೇಲೆ ಊರಲ್ಲೇ ಇರುತ್ತಿರಲಿಲ್ಲ. ಇದ್ದುದರಲ್ಲೇ ಒಂದನ್ನು ಆರಿಸಿ, ಆ ನೆರಳನ್ನು ಕಂಪ್ಯೂಟರಿನಲ್ಲಿ ಅಳಿಸಲು ನೋಡಿದೆ. ಅಳಿಸಿದರೆ ಅವಳು ಯಾರೋ ಬೇರೆಯವಳಂತೆ ಕಂಡಳು. ಹಾಗೇ ಬಿಟ್ಟು, ಸಿಡುಕು ಮೋರೆಯದನ್ನೇ ಕಟ್ಟು ಹಾಕಿಸಿದೆ.

ಇವತ್ತು ಮಧ್ಯಾಹ್ನದ ಹೊತ್ತಿಗೆ ಮೋಡ ಊರನ್ನೆಲ್ಲ ತುಂಬಿಕೊಂಡಿತು. ಬೀದಿಗೆ ಜೀವ ಬಂತು. ಜಗಲಿಗಳಲ್ಲಿ ಜನ ಕೂತರು; ತಲೆಯ ಮೇಲಿನ ಟವೆಲ್ಲುಗಳು ಹೆಗಲಿಗಿಳಿದವು; ಯಾರದೋ ಮನೆಯಲ್ಲಿ ಎಣ್ಣೆ ಕಾದ ವಾಸನೆ ಹಬ್ಬಿತು. ನಾನು ಬೆಳಗಿನಿಂದ ಬಾಗಿಲು ಹಾಕಿಕೊಂಡು ಕೂತವನು, ಕೊನೆಗೆ ತಡೆಯಲಾರದೆ ಹೊರಬಂದು ಜಗಲಿಯ ತುದಿಯಲ್ಲಿ ಕೂತೆ. ಪುಟ್ಟತಾಯಮ್ಮ ತಟ್ಟೆಯಲ್ಲಿ ನಾಲ್ಕು ಬಜ್ಜಿ ತಂದು ಪಕ್ಕದಲ್ಲಿಟ್ಟಳು. ಒಳ್ಳೆಯ ಹೆಂಗಸು, ಮಾದೇವಿ ಹೋದಾಗ ಅವಳಷ್ಟು ಅತ್ತವರು ಬೇರಿಲ್ಲ. ಬೆಟ್ಟದ ಕಡೆಗೊಮ್ಮೆ ನೋಡಿ, ನನ್ನ ಕಡೆಗೊಮ್ಮೆ ನೋಡಿ, ಸಮಾಧಾನ ಹೇಳಬೇಕೆಂದೇ ಹೇಳಿದಳು:

"ತಿನ್ನಣ್ಣಾ, ಬಿಸಿ ಇರೋವಾಗ್ಲೇ. ಈಗೇನು, ಮೋಡ ಬಂದ್ರೆ ನೀನ್ ಎದ್ರುಕೊಳ್ಳೋ ಅಂಗಿಲ್ವಲ್ಲ."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಯಾರನ್ನೂ ಬಸ್ಸು ಹತ್ತಿಸಬೇಕಾಗಿಲ್ಲ. ಯಾರ ಉಸಿರಿಗೂ ಕಿವಿಗೊಟ್ಟು ಮಲಗಬೇಕಾಗಿಲ್ಲ. "ಹೂಂ ಕಣವ್ವ" ಎಂದೆ. ಅವಳು ಒಳಗೆ ಹೋದಳು. ಬೀದಿಯ ಮೇಲೆ ಮೊದಲ ಗಾಳಿ ಬೀಸಿತು. ತಂಪಾಗಿತ್ತು. ನಾನು ಜೀವಮಾನವೆಲ್ಲ ಬಯಸಿದಂತೆಯೇ ತಂಪಾಗಿತ್ತು.