ಜಲಜಾಕ್ಷಮ್ಮನ ಉಸಿರು

ಪರದೇಶದ ಪೆಂಡಲ್ ಹಿಲ್ ಬಡಾವಣೆಯಲ್ಲಿ ಕನ್ನಡದವರ ಮನೆಗೆ ಮಗು ಬಂತೆಂದರೆ ಮೊದಲ ಫೋನ್ ಜಲಜಾಕ್ಷಮ್ಮನಿಗೆ. ಉಡುಪಿಯಿಂದ ಮಗ ಸುಕೇಶನ ಜೊತೆಗಿರಲು ಬಂದವರು. ಕೂಸನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ನೀರೆರೆದರೆ ಅದು ಅಳುವುದನ್ನೂ ಮರೆತು ನಿದ್ದೆ ಹೋಗುತ್ತಿತ್ತು. ಆ ಹೆಮ್ಮೆ ಅವರಿಗೆ ಸ್ವಲ್ಪ ಜಾಸ್ತಿಯೇ ಇತ್ತು.

೨೦೦೬ರ ಚಳಿಗಾಲದಲ್ಲಿ ಕೆಮ್ಮು ಹತ್ತಿತು. ಸಂಜೆಯಾದರೆ ಮೈ ಬಿಸಿ, ರವಿಕೆ ಸಡಿಲ. ಯಾರಿಗೂ ಅಂಟದಿರಲೆಂದು ತಮ್ಮ ತಟ್ಟೆ ಲೋಟ ಬೇರೆ ಇಟ್ಟುಕೊಂಡರು. ಅಷ್ಟು ಮಾಡಿದರೆ ಸಾಕೆಂದು ನಂಬಿದರು. ಧಾರವಾಡದಿಂದ ಬಂದು ಅಲ್ಲೇ ನೆಲೆಸಿದ್ದ ಸಂಧ್ಯಾರಾಣಿಯ ಎಳೆಗೂಸಿಗೆ ನೀರು ಹಾಕುವುದನ್ನು ಮಾತ್ರ ನಿಲ್ಲಿಸಲಿಲ್ಲ. ಚಳಿ ತಾಗದಂತೆ ಬಚ್ಚಲಿನ ಕಿಟಕಿ ಬಾಗಿಲು ಮುಚ್ಚಿ, ಸ್ನಾನವಾದ ಮೇಲೆ ಮೂಗು ಕಿವಿಯಲ್ಲಿ ನೀರು ನಿಲ್ಲಬಾರದೆಂದು ಬಾಯಿ ಹತ್ತಿರ ತಂದು ಊದುತ್ತಿದ್ದರು. ಅವರ ತಾಯಿಯೂ ಹಾಗೆಯೇ ಊದುತ್ತಿದ್ದುದು.

ಕಫದ ಪರೀಕ್ಷೆಯಲ್ಲಿ ಕ್ಷಯ ಎಂದು ಬಂತು. ಕ್ಲಿನಿಕ್ಕಿನ ನರ್ಸ್, ದುಭಾಷಿಯನ್ನು ಫೋನಿನಲ್ಲಿಟ್ಟುಕೊಂಡು, ಇದು ತಟ್ಟೆ ಲೋಟದಿಂದ ಹರಡುವುದಿಲ್ಲ, ಉಸಿರಿನಿಂದ ಹರಡುತ್ತದೆ ಎಂದಳು. ಯಾರ ಹತ್ತಿರ ಹೆಚ್ಚು ಇರುತ್ತೀರಿ ಎಂದು ಕೇಳಿದ್ದಕ್ಕೆ ಜಲಜಾಕ್ಷಮ್ಮ ಮಗನ ಹೆಸರೊಂದನ್ನೇ ಹೇಳಿದರು. ಕೂಸಿನ ವಿಷಯ ಬಾಯಿಗೆ ಬಂದರೂ ನುಂಗಿಕೊಂಡರು. ಹೇಳಿದರೆ ಇನ್ನು ಯಾರ ಮನೆಯ ಬಾಗಿಲೂ ತೆರೆಯುವುದಿಲ್ಲ. ಹೇಳದಿದ್ದರೆ ಆ ಕೂಸಿನ ಗತಿ?

ಮನೆಗೆ ಬಂದರೆ ಅನ್ನ ಸೇರಲಿಲ್ಲ. ಕಣ್ಣು ಮುಚ್ಚಿದರೆ ಆ ಪುಟ್ಟ ಮೂಗು. ಹೆದರಿಕೆ ತಡೆಯಲಾಗದೆ ಕಡೆಗೆ ತಾವೇ ಸಂಧ್ಯಾರಾಣಿಗೆ ಫೋನ್ ಮಾಡಿದರು. ರೋಗದ ಹೆಸರನ್ನೂ ಅದು ಉಸಿರಿನಿಂದ ಹರಡುತ್ತದೆಂಬುದನ್ನೂ ಹೇಳಿದರು.

“ಆಂಟಿ, ಕೆಮ್ಮು ಬಂದ ಮ್ಯಾಲೂ ಅವನ ಮುಖಕ್ಕ ಊದಿದ್ರೇನ್ರೀ?”

“ಊದಿದ್ದೇನೆ ಮಗಾ, ದಿನಾ. ನೀನು ಈಗಲೇ ಅವನನ್ನು ಡಾಕ್ಟರಿಗೆ ತೋರಿಸು.”

ಕೂಸಿಗೆ ಸೋಂಕು ತಗಲಿತ್ತು. ಪುಣ್ಯಕ್ಕೆ ರೋಗವಾಗಿ ತಿರುಗಿರಲಿಲ್ಲ. ತಿಂಗಳುಗಟ್ಟಲೆ ಔಷಧ ಕುಡಿಸಬೇಕಾಯಿತು. ತಾವು ಮಾತ್ರೆ ನುಂಗುವಾಗಲೆಲ್ಲ ಜಲಜಾಕ್ಷಮ್ಮನಿಗೆ ಅದೇ ಯೋಚನೆ: ಅವನು ನುಂಗಿದನೋ, ಕಕ್ಕಿದನೋ.

ಇಬ್ಬರ ಚಿಕಿತ್ಸೆಯೂ ಮುಗಿಯಿತು. ಅವರ ಎದೆಯಲ್ಲಿ ಈಗ ಏನೂ ಇಲ್ಲವೆಂದು ಡಾಕ್ಟರು ಹೇಳಿದರು. ಮರುವರ್ಷ ಸಂಧ್ಯಾರಾಣಿಯೇ ಊಟಕ್ಕೆ ಕರೆದಳು. ಜಲಜಾಕ್ಷಮ್ಮ ಹೋಗಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ಆಗಷ್ಟೇ ಓಡಲು ಕಲಿತಿದ್ದ ಹುಡುಗ ಎಡವಿ ಬಿದ್ದ. ಅಳುತ್ತಾ ಬಂದು ಕೆಂಪಾದ ಅಂಗೈಯನ್ನು ಅವರ ಬಾಯಿಯ ಹತ್ತಿರವೇ ಹಿಡಿದ.

“ಉಫ್, ಅಜ್ಜಿ.”

ಜಲಜಾಕ್ಷಮ್ಮ ಅವನ ತಾಯಿಯ ಮುಖ ನೋಡಿದರು.

“ಊದ್ರಿ ಆಂಟಿ,” ಎಂದಳು ಸಂಧ್ಯಾರಾಣಿ. “ಈಗೇನೂ ಆಗೂದಿಲ್ಲ.”

ಜಲಜಾಕ್ಷಮ್ಮ ಉಸಿರೆಳೆದುಕೊಂಡರು. ಬಿಡಲು ಧೈರ್ಯ ಬರಲಿಲ್ಲ.