ಸಕೀನಾ ನೋಡಿದ ಅರ್ಧ ಸಿನಿಮಾ

ದಾಂಡೇಲಿಯ ನಮ್ಮ ಓಣಿಯಲ್ಲಿ ಬೈಕಿನ ಸದ್ದು ಜೋರಾದರೆ ಮೊದಲು ಬಾಗಿಲಿಗೆ ಬರುವವಳು ಬಟ್ಟೆ ಹೊಲಿಯುವ ಸಕೀನಾ. "ಯಾರ ಮನಿ ಹಾಳ ಮಾಡಾಕ ಹೊಂಟೀರಿ?" ಎಂದು ಆಕೆ ಶುರು ಮಾಡಿದರೆ ಹುಡುಗರು ಗಾಡಿ ಬಂದ್ ಮಾಡಿ ತಳ್ಳಿಕೊಂಡು ಹೋಗುತ್ತಾರೆ. ಆಕೆಯ ಗಂಡ ಫಕ್ರುದ್ದೀನ ಗಣೇಶಗುಡಿಯ ಆಚೆ ಘಟ್ಟದಲ್ಲಿ ಲಾರಿ ಸಮೇತ ಕಂದಕಕ್ಕೆ ಬಿದ್ದು ತೀರಿಕೊಂಡವನು. ಹಾಗಾಗಿ ಈ ವಿಷಯದಲ್ಲಿ ಆಕೆಗೆ ಎದುರು ಮಾತಾಡುವ ಗಂಡಸು ಓಣಿಯಲ್ಲಿಲ್ಲ, ನನ್ನನ್ನೂ ಸೇರಿಸಿ.

ಇಂಥ ಸಕೀನಾಗೆ ಒಂದು ಕಳ್ಳ ಚಟವಿತ್ತು, ಕಾರ್ ರೇಸಿನ ಸಿನಿಮಾ. ಕಾರುಗಳು ಮಾಳಿಗೆಯಿಂದ ಮಾಳಿಗೆಗೆ ಹಾರುತ್ತವೆ, ಹೀರೋ ಹೊಳೆಗೆ ಬಿದ್ದರೂ ಕ್ರಾಪು ಕೆಡದೆ ಎದ್ದು ಬರುತ್ತಾನೆ. ತಲೆ ನೆಟ್ಟಗಿದ್ದವರು ನೋಡುವಂಥದ್ದಲ್ಲ ಬಿಡಿ. ಅಂಥದೊಂದರ ಮೊದಲ ಭಾಗವನ್ನು ಆಕೆ ಬಾಗಿಲು ಹಾಕಿಕೊಂಡು, ಟೀವಿಯ ಸದ್ದು ತಗ್ಗಿಸಿ ನೋಡಿದ್ದಳಂತೆ. ಎರಡನೆಯದು ಹಳಿಯಾಳದ ಟಾಕೀಜಿಗೆ ಬಂದಾಗ ತಡೆಯಲಾಗಲಿಲ್ಲ ಎಂದು ಆಕೆಯೇ ನನಗೆ ಹೇಳಿದಳು.

ಆಕೆಯ ಚಿಂತೆಯೆಲ್ಲ ಮಗ ಆತಿಫನದು. ಗ್ಯಾರೇಜಿನಲ್ಲಿ ದುಡಿಯುವ, ಮೀಸೆ ಬಲಿತ ಮಗ. ಆ ಭಾನುವಾರ ಸಂಜೆ ಕೋಗಿಲಬನದ ರಸ್ತೆಯಲ್ಲಿ ಬೈಕ್ ರೇಸಿಗೆ ಬರುತ್ತೇನೆಂದು ಗೆಳೆಯರಿಗೆ ಮಾತು ಕೊಟ್ಟಿದ್ದ. ಸಕೀನಾ ಅವನ ಬೈಕಿನ ಚಾವಿಯನ್ನೇ ದುಪಟ್ಟಾದ ತುದಿಗೆ ಗಂಟು ಹಾಕಿಕೊಂಡು, "ಅಕ್ಕನ ಮನಿಗೆ ಹೋಗಿ ಬರ್ತೇನಿ" ಎಂದು ಸುಳ್ಳು ಹೇಳಿ ಮಧ್ಯಾಹ್ನದ ಆಟಕ್ಕೆ ಹಳಿಯಾಳದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಗಂಟು ಮುಟ್ಟಿ ಮುಟ್ಟಿ ನೋಡಿದಳು. ಹುಡುಗ ಇನ್ನೊಂದು ಚಾವಿ ಮಾಡಿಸಿಟ್ಟಿದ್ದರೆ? ಟಾಕೀಜಿನಲ್ಲಿ ಯಾರಾದರೂ ಗುರುತಿನವರು ಕಂಡರೆ?

ಸಿನಿಮಾ ಶುರುವಾಯಿತು. ಮೊದಲ ಭಾಗದ ಕೊನೆಯಲ್ಲಿ ಕಾರಿನ ಜೊತೆ ಕಣಿವೆಗೆ ಬಿದ್ದು ಸತ್ತವನು ಇದರಲ್ಲಿ ಕೈಗೊಂದು ಪಟ್ಟಿ ಕಟ್ಟಿಕೊಂಡು ನಗುತ್ತಾ ಬಂದೇಬಿಟ್ಟ. ಜನ ಸೀಟಿ ಹೊಡೆದರು. ಸಕೀನಾಳೂ ಬಾಯಲ್ಲಿ ಬೆರಳಿಟ್ಟು ಹೊಡೆದಳು, ಕಣ್ಣಲ್ಲಿ ನೀರಿತ್ತು. ಆ ಸಂಭ್ರಮದಲ್ಲಿ ದುಪಟ್ಟಾದ ತುದಿಯನ್ನು ಹಿಂಡಿದ್ದೇ ಹಿಂಡಿದ್ದು. ಮಧ್ಯಂತರದ ದೀಪ ಹತ್ತಿದಾಗ ಗಂಟು ಬಿಚ್ಚಿತ್ತು, ಚಾವಿ ಇರಲಿಲ್ಲ.

ಕುರ್ಚಿಯ ಕೆಳಗೆ ತಡಕಾಡುತ್ತಿದ್ದಾಗ ಹಿಂದಿನ ಸಾಲಿನಿಂದ ಯಾರೋ ಬಗ್ಗಿ ಅದನ್ನು ಎತ್ತಿಕೊಂಡರು. ನೋಡಿದರೆ ಆತಿಫ.

"ನೀ ಇಲ್ಲ್ಯಾಕ?" ಎಂದಳು.

"ಗೆಳ್ಯಾರ ಮುಂದ ಚಾವಿ ಇಲ್ಲದ ಹೆಂಗ ನಿಲ್ಲಲಿ? ತಲಿ ಕೆಟ್ಟು ಸಿನಿಮಾರ ನೋಡೂಣಂತ ಬಸ್ ಹತ್ತಿ ಬಂದೆ. ನಮಗ ಬೈಯಾಕಿನೂ ನೀನ, ಇಲ್ಲಿ ಸೀಟಿ ಹೊಡಿಯಾಕಿನೂ ನೀನ! ಈಗ ಬಸ್ ಸಿಕ್ಕರ ರೇಸಿಗೆ ಮುಟ್ಟತೇನಿ, ಅಮ್ಮೀ."

ಯಾವ ಮುಖ ಇಟ್ಟುಕೊಂಡು ಬೈಯುವುದು? "ಇದರಾಗ ಬಿದ್ದಾಂವ ತಿರುಗಿ ಬರ್ತಾನೋ, ಬೇಟಾ. ಅದನ್ನ ನೋಡಾಕ ಬಂದೇನಿ. ನಿಮ್ಮಪ್ಪ ಬರಲಿಲ್ಲ" ಎಂದಳು.

ಬೆಲ್ಲಾಯಿತು, ದೀಪ ಆರಿತು. ಆತಿಫ ಚಾವಿ ಹಿಡಿದುಕೊಂಡೇ ಎದ್ದು ಹೋದ.

ಅಷ್ಟು ಆಸೆಪಟ್ಟು ಬಂದ ಸಿನಿಮಾ ಕಣ್ಣಿಗೆ ಹತ್ತಲಿಲ್ಲ. ತೆರೆಯ ಮೇಲೆ ಕಾರು ತಿರುಗಿದಾಗಲೆಲ್ಲ ಆಕೆಗೆ ಕೋಗಿಲಬನದ ತಿರುವೇ ಕಾಣುತ್ತಿತ್ತು. ಕೂರಲಾಗದೆ ಎದ್ದಳು, ಬಸ್ ಸ್ಟ್ಯಾಂಡಿಗೆ ಓಡಿದಳು. ದಾಂಡೇಲಿ ಬಸ್ಸು ಸ್ಟಾರ್ಟಾಗಿ ನಿಂತಿತ್ತು, ಬಾಗಿಲಿನವರೆಗೂ ಜನ. ನುಗ್ಗಿ ಒಳಗೆ ಹೋದಳು.

ಆತಿಫ ಕಿಟಕಿಯ ಪಕ್ಕ ಕೂತಿದ್ದ. ಅವನ ಬದಿಯ ಸೀಟಿನ ಮೇಲೆ ಗ್ರೀಸಿನ ಕಲೆಯ ಕರ್ಚೀಫು ಹಾಸಿತ್ತು. ನಮ್ಮ ಕಡೆ ಕರ್ಚೀಫು ಬಿದ್ದ ಸೀಟಿನಲ್ಲಿ ಎಂಥ ಗದ್ದಲದಲ್ಲೂ ಯಾರೂ ಕೂರುವುದಿಲ್ಲ. ಬುಟ್ಟಿ ಹೊತ್ತು ನಿಂತ ಮುದುಕಿಯೊಬ್ಬಳು ಗೊಣಗುತ್ತಿದ್ದಳು: "ಯಾರಿಗೆ ಹಿಡದೀಯೋ ತಮ್ಮಾ? ಅವರು ಬರ್ತಾರೋ ಇಲ್ಲೋ?"

"ಬರ್ತಾರ" ಎಂದ ಆತಿಫ, ಹೊರಗೆ ನೋಡುತ್ತಲೇ.

ಸಕೀನಾ ಕೂರಲೆಂದು ಕರ್ಚೀಫು ಎತ್ತಿದಳು. ಅದರ ಒಂದು ಮೂಲೆ ಭಾರವಾಗಿತ್ತು. ಚಾವಿಯನ್ನು ಅದರಲ್ಲಿ ಹಾಕಿ ಬಿಗಿಯಾಗಿ ಗಂಟು ಕಟ್ಟಿದ್ದ.